ನಾನೇ ಕೊಟ್ಟ ಫೋನ್ ನಂಬರ್

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಮಣಿಪಾಲದ ಕಾಲೇಜೊಂದರ ಸಾರ್ವಜನಿಕ ಆರೋಗ್ಯ ವಿಭಾಗದಲ್ಲಿ ಫೀಲ್ಡ್ ಕೋಆರ್ಡಿನೇಟರ್ ಆಗಿದ್ದೆ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಕೆಲವರು ಎಂಟು ವಾರ ಹೊರದೇಶದಲ್ಲಿದ್ದು, ಜನರನ್ನು ಮಾತನಾಡಿಸಿ ಮಾಹಿತಿ ಸಂಗ್ರಹಿಸಬೇಕಿತ್ತು. ಇದಕ್ಕೇ ಫೀಲ್ಡ್‌ವರ್ಕ್ ಎನ್ನುವುದು. ಅವರ ವಸತಿ, ವಿಮೆ, ಸ್ಥಳೀಯ ಸಂಪರ್ಕ ಎಲ್ಲವೂ ನನ್ನ ಜವಾಬ್ದಾರಿ.

ಹೊರಡುವ ಮೊದಲು ಹುಡುಗಿಯರಿಗೆ ಪ್ರತ್ಯೇಕವಾಗಿ ಎರಡು ಗಂಟೆಯ ತರಬೇತಿ ಕೊಡುತ್ತಿದ್ದೆ. ಯಾರಾದರೂ ಪ್ರೀತಿ ಗೀತಿ ಎಂದು ಬೆನ್ನು ಬಿದ್ದರೆ ಏನು ಮಾಡಬೇಕು? ಬೆರಳಿಗೆ ಉಂಗುರ ಹಾಕಿಕೊಳ್ಳಿ, ನಿಶ್ಚಿತಾರ್ಥವಾಗಿದೆ ಎನ್ನಿ, ನಗುತ್ತಲೇ ಮಾತು ತಿರುಗಿಸಿ, ಯಾರ ಮನಸ್ಸನ್ನೂ ನೋಯಿಸಬೇಡಿ. ಆರು ವರ್ಷ ಇದನ್ನೇ ಹೇಳಿದ್ದೆ.

ಆ ವರ್ಷ ಅಜೆಕಾರಿನ ಶ್ರಾವ್ಯಾ ತಾಂಜಾನಿಯಾದ ಕರಾವಳಿಯ ಪಟ್ಟಣವೊಂದಕ್ಕೆ ಹೊರಟಳು. ಮೀನು ಒಣಗಿಸುವ ಹೆಂಗಸರ ಆರೋಗ್ಯ ಅವಳ ವಿಷಯ. ಅಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದ ಸುಧೀರ ನನ್ನ ಶಾಲಾ ಗೆಳತಿ ವಸಂತಿಯ ಮಗ, ಕಾಪುವಿನವನು. ಅವನ ನಂಬರನ್ನು ನಾನೇ ಕೊಟ್ಟೆ. "ನಮ್ಮ ಊರಿನವ. ತುಳುವಿನಲ್ಲೇ ಮಾತಾಡಬಹುದು, ಹೆದರಬೇಡ" ಎಂದೆ.

ಅವಳ ವಾರದ ವರದಿಯಲ್ಲಿ ಮೊದಲು ಐದು, ಮರುವಾರ ಏಳು ಸಂದರ್ಶನಗಳು ಬಂದವು. ಮೂರನೆಯ ವಾರ ಬಂದದ್ದು ಎರಡೇ. ವರದಿಯಲ್ಲಿ 'ಹುಷಾರಿಲ್ಲ' ಎಂದಿತ್ತು. ಫೋನ್ ಮಾಡಿದೆ. ಅವಳ ಸ್ವರ ತೀರ ಸಣ್ಣದಾಗಿತ್ತು.

"ಮೇಡಂ, ಅವರು ದಿನಾ ಬೆಳಿಗ್ಗೆ ಕಾರು ತಂದು ಗೇಟಿನ ಹತ್ತಿರ ನಿಲ್ಲುತ್ತಾರೆ. ನಾನು ಹೊರಗೆ ಹೋಗಲಿಲ್ಲ, ನಾಲ್ಕು ದಿನ ಆಯ್ತು."

ಯಾರು ಎಂದು ಕೇಳುವ ಮೊದಲೇ ನನಗೆ ಗೊತ್ತಾಯಿತು: ಸುಧೀರ.

ಊಟಕ್ಕೆ ಕರೆದದ್ದು, ಸೀರೆ ತಂದುಕೊಟ್ಟದ್ದು, ಆಮೇಲೆ ಮದುವೆಯ ಮಾತು. ಉಂಗುರ ಕೆಲಸಕ್ಕೆ ಬರಲಿಲ್ಲ. ಅಜೆಕಾರಿಗೆ ಒಂದು ಫೋನ್ ಮಾಡಿದರೆ ಸುಳ್ಳೆಂದು ಅವನಿಗೆ ತಿಳಿಯುತ್ತಿತ್ತು. ನಾನು ಕಲಿಸಿದಂತೆ ಅವಳು ನಕ್ಕು "ಈಗ ಓದು ಉಂಟು" ಎಂದಿದ್ದಳು. ಅವನು ಅದನ್ನು 'ಓದು ಮುಗಿದ ಮೇಲೆ' ಎಂದು ಅರ್ಥಮಾಡಿಕೊಂಡಿದ್ದ. ಮೀನಿನ ಹೆಂಗಸರಿಗೆಲ್ಲ ಇವಳು ನನ್ನ ಹೆಂಡತಿಯಾಗುವವಳು ಎಂದು ಹೇಳಿದ್ದ. ಹಿಂದಿನ ದಿನ ವಸಂತಿ ಹೆಣ್ಣು ಕೇಳಲು ಅಜೆಕಾರಿಗೂ ಹೋಗಿ ಬಂದಿದ್ದಳು.

"ಅಪ್ಪ ಒಳ್ಳೆ ಸಂಬಂಧ ಅಂತಾರೆ. ನೀವು ನನ್ನನ್ನು ವಾಪಸ್ ಮಾತ್ರ ಕರೆಸಬೇಡಿ ಮೇಡಂ. ಆಮೇಲೆ ಹುಡುಗಿಯರನ್ನು ಯಾರೂ ಕಳಿಸುವುದಿಲ್ಲ."

ಅಲ್ಲಿನ ವಿಶ್ವವಿದ್ಯಾಲಯದ ಅಧ್ಯಾಪಕಿ ಅಮೀನಾಗೆ ತಕ್ಷಣ ಕರೆ ಮಾಡಿದೆ. ಒಂದು ಗಂಟೆಯೊಳಗೆ ಆಕೆ ಶ್ರಾವ್ಯಾಳನ್ನು ತನ್ನ ಮನೆಗೆ ಕರೆದೊಯ್ದರು. ಇನ್ನು ಉಳಿದದ್ದು ಸ್ಪಷ್ಟವಾಗಿ ಬೇಡವೆನ್ನುವುದು. ತಾನೇ ಹೇಳುತ್ತೇನೆ ಎಂದಳು ಶ್ರಾವ್ಯಾ. ಫೋನಿನಲ್ಲೇ ಅಭ್ಯಾಸ ಮಾಡಿದೆವು. ಎರಡು ಸಲವೂ 'ದಯವಿಟ್ಟು' ಸೇರಿಸಿದಳು. ಅದನ್ನು ಬಿಡು ಎಂದೆ. ಬಳಿಕ ಅವಳು ಸುಧೀರನಿಗೆ ಫೋನ್ ಮಾಡಿದಳು. ಅಮೀನಾ ಅವಳ ಪಕ್ಕದಲ್ಲಿ ಕುಳಿತರು, ನಾನು ಮಣಿಪಾಲದಿಂದ ಕರೆಗೆ ಸೇರಿಕೊಂಡೆ.

"ನನಗೆ ನಿಮ್ಮ ಮೇಲೆ ಮನಸ್ಸಿಲ್ಲ. ಮುಂದೆಯೂ ಇರುವುದಿಲ್ಲ. ಇನ್ನು ನನ್ನ ಹತ್ತಿರ ಬರಬೇಡಿ."

"ಹಾಗಾದರೆ ಇಷ್ಟು ದಿನ ನಗ್ತಾ ಮಾತಾಡಿದ್ದು ಎಂತಕ್ಕೆ?" ಎಂದ ಸುಧೀರ. ಅದಕ್ಕೆ ಉತ್ತರಿಸಬೇಕಾದವಳು ನಾನಾಗಿದ್ದೆ. "ನಾನೇ ಹಾಗೆ ಹೇಳಿಕೊಟ್ಟದ್ದು ಸುಧೀರ. ತಪ್ಪು ನನ್ನದು. ಆದರೆ ಈಗ ಅವಳು ಹೇಳಿದ್ದು ಕೇಳಿಸಿತಲ್ಲ?" ಎಂದೆ. ಅವನು ಫೋನ್ ಇಟ್ಟ.

ಮರುದಿನ ಬೆಳಿಗ್ಗೆ ಅಜೆಕಾರಿಗೆ ಹೋದೆ. ಶ್ರಾವ್ಯಾಳ ತಂದೆ ಟೆಂಪೊ ಓಡಿಸುವವರು. ನಾನು ಹೇಳಿದ್ದೆಲ್ಲವನ್ನೂ ನಿಂತೇ ಕೇಳಿದರು.

"ಆ ನಂಬರ್ ಕೊಟ್ಟದ್ದು ನೀವೇ ಅಲ್ವಾ?"

"ಹೌದು."

"ಹಾಗಾದರೆ ಇವತ್ತೇ ಟಿಕೆಟ್ ಮಾಡಿ. ಅವಳು ಮನೆಗೆ ಬರಲಿ."

ಒಳಗಿನಿಂದ ತಾಯಿ ಬೀಡಿ ಕಟ್ಟುವ ಮೊರ ಹಿಡಿದುಕೊಂಡೇ ಬಂದರು. ಗಂಡನ ಕಡೆ ನೋಡಲಿಲ್ಲ. "ಅವಳು ಬಾಯಿ ಬಿಟ್ಟು ಬೇಡ ಅಂತ ಹೇಳಿದಳಾ?" ಎಂದು ನನ್ನನ್ನು ಕೇಳಿದರು.

"ಹೇಳಿದಳು. ನಾನೇ ಕೇಳಿಸಿಕೊಂಡೆ."

"ಹಾಗಾದರೆ ಆಯ್ತಲ್ಲ. ಬೇಡ ಹೇಳಿದ್ದಕ್ಕೆ ಅವಳು ಯಾಕೆ ವಾಪಸ್ ಬರಬೇಕು ಮಾರಾಯ್ರೇ? ಓದಿ ಬರಲಿ."

ತಂದೆ ಟೆಂಪೊ ಹತ್ತಿ ಹೋದರು. ಟಿಕೆಟಿನ ಮಾತು ಮತ್ತೆ ಬರಲಿಲ್ಲ.

ಸುಧೀರ ಇನ್ನೂ ಎರಡು ಸಲ ಮೀನು ಒಣಗಿಸುವಲ್ಲಿಗೆ ಬಂದನಂತೆ. ಎರಡನೆಯ ಸಲ ಅಮೀನಾ ವಿಶ್ವವಿದ್ಯಾಲಯದ ಪರವಾಗಿ ಲಿಖಿತ ಎಚ್ಚರಿಕೆ ಕೊಟ್ಟರು, ಆಮೇಲೆ ಬರಲಿಲ್ಲ. ಅಷ್ಟರವರೆಗೆ ಶ್ರಾವ್ಯಾ ಎಷ್ಟು ಭಯದಲ್ಲಿ ಕೆಲಸ ಮಾಡಿದಳೆಂಬುದು ಅವಳ ಯಾವ ವರದಿಯಲ್ಲೂ ಇಲ್ಲ. ನಲವತ್ತು ಸಂದರ್ಶನಗಳ ಬದಲು ಇಪ್ಪತ್ತೇಳು ಮುಗಿಸಿ ಬಂದಳು. ವಸಂತಿ ಇಂದಿಗೂ ನನ್ನೊಡನೆ ಮಾತನಾಡುವುದಿಲ್ಲ.

ಘಟನೆಯ ವರದಿಯಲ್ಲಿ ನನ್ನ ತಪ್ಪನ್ನೂ ಬರೆದೆ. ಪರಿಚಿತನೆಂದು ವಿಚಾರಿಸದೆ ನಂಬರ್ ಕೊಟ್ಟದ್ದು ಒಂದು. ಹುಡುಗಿಯರಿಗೆ ನಯವನ್ನು ಮಾತ್ರ ಕಲಿಸಿದ್ದು ಇನ್ನೊಂದು. ಮರುವರ್ಷದಿಂದ ಪ್ರತಿಯೊಬ್ಬ ವಿದ್ಯಾರ್ಥಿನಿಯ ಕೈಗೂ ವಿಭಾಗದ ಮುಖ್ಯಸ್ಥರ ಸಹಿಯಿದ್ದ ಪತ್ರ ಕೊಟ್ಟೆವು: ಅಸುರಕ್ಷಿತವೆನಿಸಿದರೆ ಯಾರನ್ನೂ ಕೇಳದೆ ಮನೆ, ದುಭಾಷಿ, ಊರು ಬದಲಿಸಬಹುದು, ಅಂಕ ಕಡಿಮೆಯಾಗದು. ಅಲ್ಲಿಯವರೆಗೆ ನಾನು ಹುಡುಗಿಯರನ್ನು ಸಿದ್ಧಪಡಿಸುತ್ತಿದ್ದೆನೇ ಹೊರತು ನಮ್ಮ ಕಾಲೇಜನ್ನು ಸಿದ್ಧಪಡಿಸಿರಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.

ನನ್ನ ಕೊನೆಯ ಬ್ಯಾಚಿನ ಪೆರ್ಡೂರಿನ ಹುಡುಗಿ ಹೊರದೇಶಕ್ಕೆ ಹೋದ ಐದನೆಯ ದಿನ ಫೋನ್ ಮಾಡಿದಳು. "ಮೇಡಂ, ಮನೆಯ ಓನರ್ ಸರಿ ಕಾಣಲಿಲ್ಲ, ನಾನು ಬೇರೆ ಕಡೆ ಬಂದೆ. ನಿಮಗೆ ತಿಳಿಸುವಾ ಅಂತ ಅಷ್ಟೇ. ಇಡ್ತೇನೆ, ಇಂಟರ್‌ವ್ಯೂ ಉಂಟು."