ಮತದಾನದ ದಿನದ ಲೋಣಾವಳ ಟ್ರಿಪ್

ಚುನಾವಣೆ ಬಂತೆಂದರೆ ಸೋಪಾನ ಧುಮಾಳನಿಗೆ ಸುಗ್ಗಿ. ಹಾಗಂತ ಅವನು ಯಾವ ಪಕ್ಷದವನೂ ಅಲ್ಲ, ಭಾಷಣಕ್ಕೆ ಜನ ಕೂಡಿಸುವವನೂ ಅಲ್ಲ. ಮುಂಬಯಿಯ ಮುಲುಂಡದಲ್ಲಿ ಹದಿನೇಳು ಸೀಟಿನ ಟೂರಿಸ್ಟ್ ಗಾಡಿ ಇಟ್ಟುಕೊಂಡು ತಾನೇ ಓಡಿಸುವ ಡ್ರೈವರು. ಮತದಾನದ ದಿನ ಮುಂಬಯಿಗೆ ಮುಂಬಯಿಯೇ ರಜೆಯಲ್ಲವೇ? ಆ ರಜೆಗೆ ಇನ್ನೊಂದು ರಜೆ ಹೊಲಿದುಕೊಂಡು ಜನ ಮಾಥೇರಾನ್, ಅಲಿಬಾಗ್, ಶಿರಡಿ ಅಂತ ಹೊರಟುಬಿಡುತ್ತಾರೆ. ತಾರೀಖು ಪ್ರಕಟವಾದ ಸಂಜೆಯೇ ಸೋಪಾನನ ಫೋನು ಬಡಿದುಕೊಳ್ಳಲು ಶುರುವಾಗುತ್ತಿತ್ತು. ವೋಟಿನ ಗತಿಯೇನು ಎಂದು ಯಾರಾದರೂ ಅನುಮಾನಿಸಿದರೆ ಅವನ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಒಂದು ವೋಟು ಬೀಳದಿದ್ದರೆ ಸರ್ಕಾರವೇನೂ ಬೀಳುವುದಿಲ್ಲ, ಆದರೆ ನೀವು ಬರದಿದ್ದರೆ ನನ್ನ ಗಾಡಿಯಲ್ಲಿ ಒಂದು ಸೀಟು ಖಾಲಿ ಹೋಗುತ್ತದೆ ಎನ್ನುತ್ತಿದ್ದ. ಜನ ನಕ್ಕು ಬುಕ್ ಮಾಡುತ್ತಿದ್ದರು.

ಸಾತಾರಾ ಕಡೆಯ ಹಳ್ಳಿಯಿಂದ ಲಾರಿಯ ಕ್ಲೀನರಾಗಿ ಬಂದವನು, ಬಸ್ಸು ತೊಳೆದು, ಕಂಡವರ ಗಾಡಿ ಓಡಿಸಿ, ಕೊನೆಗೊಮ್ಮೆ ಸ್ವಂತದ್ದು ಮಾಡಿಕೊಂಡಿದ್ದ. ಗಾಡಿ ಹಳೆಯದು, ಎ.ಸಿ. ಮನಸ್ಸು ಬಂದಾಗ ತಣ್ಣಗಾಗುತ್ತಿತ್ತು. ಆದರೂ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದುದು ಅವನ ಬಾಯಿಗಾಗಿ. ದಾರಿಯುದ್ದಕ್ಕೂ ಹಾಡು, ಟೋಲ್‌ನವನ ಅಣಕ, ಘಾಟಿನ ಪ್ರತಿ ತಿರುವಿಗೂ ಒಂದೊಂದು ಸುಳ್ಳು ಕಥೆ. ಇನ್ನೊಂದು ಗುಣವೂ ಇತ್ತು. ಒಪ್ಪಿಕೊಂಡ ಟ್ರಿಪ್ಪು ಅವನು ಕೈಬಿಟ್ಟದ್ದೇ ಇಲ್ಲ. ತನ್ನ ನಿಶ್ಚಿತಾರ್ಥದ ದಿನ ಬೆಳಿಗ್ಗೆ ಯಾರದೋ ದಿಬ್ಬಣವನ್ನು ನಾಶಿಕದಲ್ಲಿ ಇಳಿಸಿ, ಸಂಜೆ ಬೆವರು ಒರೆಸಿಕೊಳ್ಳುತ್ತಾ ಬಂದು ಉಂಗುರ ತೊಡಿಸಿದ ಮಹರಾಯ. ಹೀಗಾಗಿ ಐವತ್ತು ದಾಟಿದರೂ ಅವನ ಬೆರಳು ಒಮ್ಮೆಯೂ ಮತದಾನದ ಶಾಯಿ ಕಂಡಿರಲಿಲ್ಲ.

ಹೆಂಡತಿ ಶಾಲನ್ ತದ್ವಿರುದ್ಧ. ಗಲ್ಲಿಯಲ್ಲಿ ನಲ್ಲಿ ನಿಂತರೆ, ಕಸದ ಗಾಡಿ ತಪ್ಪಿದರೆ, ಹೆಂಗಸರನ್ನು ಕಟ್ಟಿಕೊಂಡು ವಾರ್ಡ್ ಕಚೇರಿಗೆ ನಡೆಯುವವಳು ಅವಳೇ. ಗೋಡೆಯಾಚೆಯ ದೊಡ್ಡ ಹೌಸಿಂಗ್ ಸೊಸೈಟಿಯ ಮನೆಗಳಿಗೆ ಹಬ್ಬ ಹಬ್ಬಕ್ಕೆ ಹೋಳಿಗೆ ಮಾಡಿಕೊಡುತ್ತಿದ್ದಳು. ಮತದಾನದ ದಿನ ತಲೆಗೆ ಸ್ನಾನ ಮಾಡಿ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದಳು. ಪ್ರತಿ ಸಲವೂ ಗಂಡನನ್ನು ಕರೆಯುವಳು, ಪ್ರತಿ ಸಲವೂ ಗಂಡನಿಗೆ ಟ್ರಿಪ್ಪು.

ಈ ಸಲದ ಪಾಲಿಕೆ ಚುನಾವಣೆಗೆ ಮುಂಚೆ ಗಲ್ಲಿಯ ಚರಂಡಿಯ ಗೋಳು ಹೇಳಿಕೊಳ್ಳಲು ಅವಳು ವಾರ್ಡಿನ ಕಾರ್ಪೊರೇಟರ್ ಘಾಗ್ ಬಳಿ ಹೋದಳು. ಅಷ್ಟೆಲ್ಲ ಗೊತ್ತಿದ್ದರೆ ನೀವೇ ನಿಂತುಕೊಳ್ಳಿ ತಾಯಿ ಎಂದು ಅವನು ನಕ್ಕುಬಿಟ್ಟ. ಶಾಲನ್ ನಗಲಿಲ್ಲ, ಹೋಗಿ ನಿಂತೇಬಿಟ್ಟಳು. ಪಕ್ಷವಿಲ್ಲ, ಬಾವುಟವಿಲ್ಲ, ಚಿಹ್ನೆ ಲಟ್ಟಣಿಗೆ. ಆದರೆ ಅವಳು ನಾಮಪತ್ರ ಸಲ್ಲಿಸಿ ಮನೆಗೆ ಬರುವಷ್ಟರಲ್ಲಿ ಸೋಪಾನ ಮತದಾನದ ಗುರುವಾರಕ್ಕೇ ಸೊಸೈಟಿಯವರಿಗೆ ಘಾಟಿನ ಮೇಲಿನ ಲೋಣಾವಳಕ್ಕೆ ಎರಡು ದಿನದ ಟ್ರಿಪ್ಪಿನ ಮಾತು ಕೊಟ್ಟಾಗಿತ್ತು. ಬೆಳಿಗ್ಗೆ ಆರಕ್ಕೆ ಹೊರಡಬೇಕು, ಮತಗಟ್ಟೆ ತೆರೆಯುವುದು ಏಳೂವರೆಗೆ. ಕೊಟ್ಟ ಮಾತು ಹೇಗೆ ತಪ್ಪಲಿ ಎಂದು ಅವನು ತಲೆ ಕೆರೆದುಕೊಂಡ. ಶಾಲನ್ ನಾಮಪತ್ರದ ರಸೀದಿಯನ್ನು ಡಬ್ಬಿಯಲ್ಲಿಟ್ಟು ಅಡುಗೆಗೆ ಎದ್ದಳು. ಅವಳು ಜಗಳಕ್ಕೆ ಬಂದಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮುಂದಿನ ವಾರ, ತಾನೂ ಮತ್ತೆ ಕಣದಲ್ಲಿದ್ದ ಘಾಗ್ ಗಲ್ಲಿಯ ಮೂಲೆಯಲ್ಲಿ ಮೈಕು ಹಿಡಿದ. ಸೋಪಾನ ಪಾನಂಗಡಿಯ ಹತ್ತಿರ ನಿಂತು ಕೇಳುತ್ತಿದ್ದ.

"ಲಟ್ಟಣಿಗೆಗೆ ವೋಟ್ ಹಾಕಿ ಅಂತ ಕೇಳ್ತಿದಾರೆ," ಎಂದ ಘಾಗ್. "ಆ ಲಟ್ಟಣಿಗೆ ಏಟು ತಿನ್ನೋ ಗಂಡನೇ ಅವತ್ತು ಲೋಣಾವಳದಲ್ಲಿ ಇರ್ತಾನಂತೆ. ಮನೆಯವನಿಗೇ ಬೇಡವಾದ್ದು ನಿಮಗ್ಯಾಕ್ರಪ್ಪಾ?"

ಗಲ್ಲಿಗೆ ಗಲ್ಲಿಯೇ ಗೊಳ್ಳೆಂದಿತು. ಒಳ್ಳೆಯ ಮಾತಿಗೆ ನಗುವುದು ಸೋಪಾನನ ಚಾಳಿ, ಅವನ ಬಾಯಿಯೂ ಅಗಲವಾಯಿತು. ಆಗ ಎದುರು ಕಟ್ಟೆಯ ಮೇಲೆ ಕರಪತ್ರ ಹಿಡಿದು ನಿಂತಿದ್ದ ಶಾಲನ್ ಕಂಡಳು. ಅವಳು ಕರಪತ್ರಗಳನ್ನು ಸೆರಗಿನೊಳಗೆ ಸೇರಿಸಿ ಮನೆಯ ಕಡೆ ನಡೆದಳು.

ಸೋಪಾನ ಹಿಂದೆಯೇ ಹೋದ. ಅವಳು ಕಣಕ ನಾದುತ್ತಾ ಅವನ ಕಡೆ ನೋಡದೆ ಹೇಳಿದಳು.

"ಗೆಲ್ಲಲ್ಲ ಅಂತ ನನಗೂ ಗೊತ್ತು ರೀ. ಆದ್ರೆ ನನ್ನ ಗಂಡನ ವೋಟೇ ನನಗಿಲ್ಲ ಅಂದ್ಮೇಲೆ ಇನ್ನೊಬ್ಬರ ಬಾಗಿಲು ಯಾವ ಮುಖ ಇಟ್ಕೊಂಡು ತಟ್ಟಲಿ?"

ಅವನಿಗೆ ಅವತ್ತು ಊಟ ಸೇರಲಿಲ್ಲ. ಮಾರನೆಯ ದಿನ ಸೊಸೈಟಿಯ ಕಾರ್ಯದರ್ಶಿ ಕಿರೀಟ್‌ಭಾಯಿ ಹತ್ತಿರ ಹೋಗಿ, ಆರರ ಬದಲು ಎಂಟಕ್ಕೆ ಹೊರಟರಾಗದೇ, ಎಲ್ಲರೂ ವೋಟು ಹಾಕಿಕೊಂಡೇ ಹೋಗಬಹುದಲ್ಲ ಎಂದು ಮೆಲ್ಲಗೆ ಕೇಳಿದ. ಕಿರೀಟ್‌ಭಾಯಿ ಹೊಟ್ಟೆ ಕುಣಿಸಿ ನಕ್ಕು, ಒಂದು ವೋಟು ಬೀಳದಿದ್ದರೆ ಸರ್ಕಾರ ಬೀಳಲ್ಲ ಸೋಪಾನ್‌ಭಾಯಿ, ನೀವೇ ಹೇಳುತ್ತಿದ್ದಿರಲ್ಲ ಎಂದರು. ಮನೆಯ ವಿಷಯವನ್ನು ಗಿರಾಕಿಗಳ ಮುಂದೆ ಬಿಚ್ಚಲು ನಾಚಿಕೆಯಾಗಿ ಅವನು ಹೆಂಡತಿಯ ಹೆಸರೆತ್ತದೆ ವಾಪಸಾದ.

ಗುರುವಾರ ಆರಕ್ಕೆ ಗಾಡಿ ಹೊರಟಿತು. ಹಾಡಿಲ್ಲ, ಅಣಕವಿಲ್ಲ. ಡ್ರೈವರ್ ಸೀಟಿನ ಹಿಂದೆ ಕೂತಿದ್ದ ರಸೀಲಾಬೆನ್ ಎಂಬ ಅಜ್ಜಿ ಮೆಂತ್ಯದ ರೊಟ್ಟಿ ಥೇಪ್ಲಾದ ಡಬ್ಬಿ ಮುಂದೆ ಚಾಚಿದರೂ ಸೋಪಾನ ಬೇಡವೆಂದ. ದುಡ್ಡು ಕೊಟ್ಟು ಮಸಣಯಾತ್ರೆಗೆ ಬಂದ ಹಾಗಾಯಿತಲ್ಲ ಎಂದು ಅಜ್ಜಿ ಗೊಣಗಿದರು.

ಲೋಣಾವಳದ ಹೋಟೆಲಿನ ಮುಂದೆ ಎಲ್ಲರ ಸಾಮಾನು ಇಳಿಸಿದ ಮೇಲೆ ಸೋಪಾನ ಕೈಕಟ್ಟಿ ನಿಂತ. ಖಾಲಿ ಗಾಡಿ ತೆಗೆದುಕೊಂಡು ಒಮ್ಮೆ ಮುಲುಂಡಕ್ಕೆ ಹೋಗಿಬರುತ್ತೇನೆ, ಡೀಸೆಲ್ಲು ನನ್ನದೇ, ಸಂಜೆಯೊಳಗೆ ಇಲ್ಲಿರುತ್ತೇನೆ ಎಂದ. ಯಾಕೆಂದು ಕೇಳಿದಾಗ ಎಲ್ಲವೂ ಹೊರಬಿತ್ತು.

"ಶಾಲನ್ ನಿಂತಿದಾಳಾ? ನಮ್ಮ ವಾರ್ಡಲ್ಲೇನಾ? ನಮ್ಮ ಹೋಳಿಗೆ ಶಾಲನ್?" ಎಂದರು ರಸೀಲಾಬೆನ್.

ಇಡೀ ಗಾಡಿಯಲ್ಲಿ ಒಬ್ಬರಿಗಾದರೂ ಯಾರು ಯಾರು ನಿಂತಿದ್ದಾರೆ ಎನ್ನುವುದೇ ಗೊತ್ತಿರಲಿಲ್ಲ. ಅವಳ ಕರಪತ್ರವನ್ನು ಕಿರೀಟ್‌ಭಾಯಿ ಪಿಜ್ಜಾ ಅಂಗಡಿಯ ಜಾಹೀರಾತಿನ ಜತೆ ರದ್ದಿಗೆ ಹಾಕಿದ್ದರಂತೆ. ಈಗ ಅವರು ಮೋಡ ನೋಡುತ್ತಾ ನಿಂತರು.

ಅಜ್ಜಿ ಮಂಡಿ ಹಿಡಿದುಕೊಂಡು ಮತ್ತೆ ಗಾಡಿಯೊಳಗೆ ಹತ್ತಿ ಕೂತರು. "ಅವನು ಖಾಲಿ ಗಾಡಿ ಓಡಿಸ್ಕೊಂಡು ಹೋಗೋದು, ನಾವಿಲ್ಲಿ ಚಿಕ್ಕಿ ಕಡೀತಾ ಕೂರೋದು, ನೋಡೋಕೆ ಚೆನ್ನಾಗಿರತ್ತಾ? ಹತ್ರೋ ಎಲ್ಲಾ. ಲೋಣಾವಳ ಎಲ್ಲೂ ಓಡಿಹೋಗಲ್ಲ."

ದೊಡ್ಡ ಗಲಾಟೆಯೇ ಆಯಿತು. ಮಕ್ಕಳು ಅತ್ತವು, ಸೊಸೆಯಂದಿರು ಮುಖ ಸಿಂಡರಿಸಿದರು. ಕಿರೀಟ್‌ಭಾಯಿ ಮತ್ತು ಇಸ್ಪೀಟಿನ ಮೂವರು ಗೆಳೆಯರು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಉಳಿದವರು ಬೈದುಕೊಂಡೇ ಹತ್ತಿದರು.

ಸೋಪಾನ ಗಾಡಿಯನ್ನು ಸೊಸೈಟಿಯ ಗೇಟಿನಲ್ಲೇ ನಿಲ್ಲಿಸಿ, ಇಲ್ಲಿಂದ ನಡೆದೇ ಹೋಗಬೇಕು ಎಂದ. ಅಭ್ಯರ್ಥಿಯ ಮನೆಯ ಗಾಡಿ ಮತದಾರರನ್ನು ಮತಗಟ್ಟೆಗೆ ಸಾಗಿಸಬಾರದು ಎಂದು ಶಾಲನ್ ಅವನ ಕಿವಿ ಹಿಂಡಿ ಹೇಳಿದ್ದಳು. ರಸೀಲಾಬೆನ್ ಆ ಕಾನೂನಿಗೆ ಹಿಡಿಶಾಪ ಹಾಕುತ್ತಾ ತಮ್ಮ ದುಡ್ಡಿನಲ್ಲಿ ಆಟೋ ಹಿಡಿದರು.

ಮತಗಟ್ಟೆಯ ಶಾಲೆಯಲ್ಲಿ ಪೊಲೀಸಪ್ಪ ತೂಕಡಿಸುತ್ತಿದ್ದ. ಬಿಸಿಲು ಟೋಪಿ, ಹೂವಿನ ಅಂಗಿ, ಕೊರಳಲ್ಲಿ ಕ್ಯಾಮೆರಾ ಹಾಕಿಕೊಂಡ ಮೆರವಣಿಗೆ ಕಂಡು ಗಡಬಡಿಸಿ ಎದ್ದ. ನೂರು ಮೀಟರಿನ ಗೆರೆಯಾಚೆ ಮೇಜು ಹಾಕಿಕೊಂಡಿದ್ದ ಶಾಲನ್ ಗಂಡನನ್ನು ಕಂಡು ಓಡಿಬಂದಳು.

"ಟ್ರಿಪ್ ಬಿಟ್ಟು ಬಂದ್ರಾ?"

"ಬಿಟ್ಟಿಲ್ಲ ಕಣೇ. ನಡುವೆ ಬಂದಿದೀನಿ."

"ಇವರನ್ನ ಇಲ್ಲಿಗಂಟ ಗಾಡೀಲಿ ತಂದ್ರಾ?"

"ಗೇಟಲ್ಲೇ ಇಳಿಸ್ದೆ. ನಿನ್ನ ಕಾನೂನು ಅಜ್ಜಿ ಮಂಡಿ ಮೇಲೆ ಕೂತಿದೆ ನೋಡು."

ಅವಳು ಅವನ ಅಂಗಿಯ ಕಾಲರು ಸರಿಮಾಡಿ ಒಳಗೆ ಕಳಿಸಿದಳು.

ಒಳಗೆ ಸೋಪಾನನಿಗೆ ಯಾವ ಕೈ ಚಾಚಬೇಕೆಂದೂ ತಿಳಿಯಲಿಲ್ಲ. ಶಾಯಿ ಹಚ್ಚುವ ಹುಡುಗಿ ನಕ್ಕು ಎಡಗೈಯನ್ನು ತಾನೇ ಎಳೆದುಕೊಂಡಳು. ರಟ್ಟಿನ ಮರೆಯಲ್ಲಿ ಯಂತ್ರದ ಮುಂದೆ ಬಗ್ಗಿ ಹೆಸರುಗಳನ್ನು ಒಂದೊಂದಾಗಿ ಓದಿದ. ಶಾಲನ್ ಸೋಪಾನ ಧುಮಾಳ. ಅವಳ ಹೆಸರಿನ ನಟ್ಟನಡುವೆ ತನ್ನ ಹೆಸರು. ಇಷ್ಟು ದಿನ ಗಲ್ಲಿಯ ಗೋಡೆಗಳ ಮೇಲೆಲ್ಲ ಅದೇ ಹೆಸರಿದ್ದರೂ ಅವನು ನಿಂತು ಓದಿರಲಿಲ್ಲ. ಗುಂಡಿ ಒತ್ತಿದಾಗ ಯಂತ್ರ ಕೂಗಿದ ಸದ್ದಿಗೆ ಬೆಚ್ಚಿಬಿದ್ದ.

ಮತ್ತೆ ಲೋಣಾವಳದ ದಾರಿ ಹಿಡಿದಾಗ ರಸೀಲಾಬೆನ್ ಮುಂದಕ್ಕೆ ಬಾಗಿದರು. "ಸುಳ್ಳು ಯಾಕೆ ಹೇಳ್ಲಿ ಸೋಪಾನ್, ಕೈ ತಾನಾಗೇ ಹಳೇ ಚಿಹ್ನೆಗೇ ಹೋಯ್ತು. ಶಾಲನ್‌ಗೂ ಹೇಳಿಯೇ ಬಂದೆ. ಬೇಜಾರು ಮಾಡ್ಕೋಬೇಡ."

ಹಿಂದಿನಿಂದ ಇನ್ನಿಬ್ಬರು ತಾವೂ ಹಾಗೇ ಎಂದರು. ಇನ್ನೊಬ್ಬಳು ತಾನು ಲಟ್ಟಣಿಗೆಗೇ ಒತ್ತಿದ್ದೆಂದು ಆಣೆ ಮಾಡಿದಳು, ಅವಳ ಗಂಡ ಕೆಮ್ಮಿದ. ಸೋಪಾನನಿಗೆ ನಗು ತಡೆಯಲಾಗದೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಇಷ್ಟು ಡೀಸೆಲ್ಲು ಸುಟ್ಟು ಘಾಗ್‌ಗೇ ವೋಟು ಹೊತ್ತುತಂದೆನಲ್ಲ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಘಾಟಿನಲ್ಲಿ ಹಾಡು ಶುರುಮಾಡಿದವನು ಹೋಟೆಲು ಬರುವವರೆಗೂ ನಿಲ್ಲಿಸಲಿಲ್ಲ.

ಶುಕ್ರವಾರ ಎಣಿಕೆ ಮುಗಿಯಿತು. ಸಂಜೆ ಅವನು ಗಲ್ಲಿಗೆ ಬರುವಾಗ ಘಾಗ್‌ನ ಹುಡುಗರು ಪಟಾಕಿ ಹೊಡೆಯುತ್ತಿದ್ದರು. ಶಾಲನ್ ಮೂರನೆಯವಳಾಗಿ ಸೋತಿದ್ದಳು. ಮನೆ ತುಂಬ ಹೆಂಗಸರು ಚಹಾ ಕುಡಿಯುತ್ತಾ, ಗೆದ್ದವರಿಗಿಂತ ಜೋರಾಗಿ ಹರಟುತ್ತಿದ್ದರು. ಅವರೆಲ್ಲ ಎದ್ದುಹೋದ ಮೇಲೆ ಸೋಪಾನ ಅಡುಗೆಮನೆಗೆ ಹೋದ.

"ಬೇಜಾರಾಯ್ತಾ?"

"ಆಗದೆ ಇರತ್ತಾ? ಮಧ್ಯಾಹ್ನವೇ ಒಂದು ಸುತ್ತು ಅತ್ತೆ." ಅವಳು ಅವನ ಎಡಗೈ ಹಿಡಿದು ಶಾಯಿ ಹತ್ತಿದ ಬೆರಳನ್ನು ದೀಪದ ಕಡೆ ತಿರುಗಿಸಿ ನೋಡಿದಳು. "ಅಷ್ಟು ಜನರ ಬಾಗಿಲಿಗೆ ಹೋದೆ ರೀ. ಎಲ್ಲರೂ ಹಾಕ್ತೀವಿ ಅಂದ್ರು. ಹಾಕಲ್ಲ ಅಂದೋರು ನೀವೊಬ್ಬರೇ. ಬಿದ್ದಿದೆ ಅಂತ ನನಗೆ ಖಾತ್ರಿ ಇರೋ ವೋಟೂ ನಿಮ್ಮೊಬ್ಬರದೇ."

ಸೋಪಾನ ಆ ಬೆರಳನ್ನು ತಾನೂ ಒಮ್ಮೆ ನೋಡಿಕೊಂಡ.

"ಐದು ವರ್ಷ ಬಿಟ್ಟು ಮತ್ತೆ ನಿಲ್ತೀನಿ," ಎಂದಳು ಶಾಲನ್, ಒಲೆಯ ಕಡೆ ತಿರುಗುತ್ತಾ. "ಈಗಲೇ ಹೇಳಿರ್ತೀನಿ, ಅವತ್ತಿಗೆ ಬೇರೆ ಯಾರ ಬುಕಿಂಗೂ ತಗೋಬೇಡಿ."

"ಇಲ್ಲ," ಎಂದ ಸೋಪಾನ. "ಅವತ್ತು ಗಾಡಿ ನಿನ್ನದು."