ಎಂಟು ಸಾಹೇಬರ ಚಿತ್ರಗಳು

ಚಿನ್ನಪ್ಪ ಚಿತ್ರ ಬರೆಯುತ್ತಾನೆ ಎಂದರೆ ಅವನ ಹೆಂಡತಿ ಮಾರೆಮ್ಮನೇ ನಂಬುತ್ತಿರಲಿಲ್ಲ. "ಆಫೀಸಿನ್ಯಾಗ ಮಿಷಿನ್ ಹಿಡಿಕಿ ತಿರುವ್ತಾನ್ರಿ, ಅಷ್ಟ," ಎಂದು ಅವನೆದುರೇ ನನಗೆ ಹೇಳಿದ್ದಳು. ಹಿತ್ತಲ ಗಿಡ ಮದ್ದಲ್ಲ ನೋಡಿ.

ನಾನು ದಾಕ್ಷಾಯಣಮ್ಮ, ಸಿರುಗುಪ್ಪದ ಬ್ಲಾಕ್ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು. ಹತ್ತಿರದ ಕರೂರು ಹಳ್ಳಿಯ ಚಿನ್ನಪ್ಪ ಅರವತ್ತಾರನೇ ಇಸವಿಯಲ್ಲಿ ಅಲ್ಲಿಗೆ ಜವಾನನಾಗಿ ಬಂದ. ರೈತರಿಗೆ ಹಂಚುವ ಕರಪತ್ರವನ್ನು ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ನಾನು ಟೈಪ್ ಮಾಡುವುದು, ಅದನ್ನು ಸೈಕ್ಲೋಸ್ಟೈಲ್ ಯಂತ್ರಕ್ಕೆ ಹಾಕಿ ಅವನು ಐನೂರು ಪ್ರತಿ ತೆಗೆಯುವುದು. ಒಮ್ಮೆ ಅರ್ಧ ಹಾಳೆ ಖಾಲಿ ಉಳಿದಿತ್ತು. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಚೂಪು ಕಡ್ಡಿಯಿಂದ ಅದರ ಮೇಲೆ ಒಂದು ಜೋಡಿ ಎತ್ತು ಗೀರಿಟ್ಟಿದ್ದ. ಬೈಯಲು ಬಾಯಿ ತೆರೆದವಳು ಎತ್ತಿನ ಕಣ್ಣು ನೋಡಿ ಬೈಯುವುದನ್ನೇ ಮರೆತೆ. "ಓದಾಕ ಬರದೋರೂ ಅದಾರಲ್ರಿ ಅಮ್ಮಾರೆ," ಎಂದ. ಅಂದಿನಿಂದ ಪ್ರತಿ ಹಾಳೆಯಲ್ಲೂ ಅವನಿಗೆ ಅರ್ಧ ಜಾಗ ಬಿಟ್ಟೆ.

ಹೀಗೆ ಹದಿನೆಂಟು ವರ್ಷ. ಎಂಟು ಮಂದಿ ಸಾಹೇಬರು ಬಂದರು, ಹೋದರು. ಆಫೀಸಿನಿಂದ ಹೊರಬೀಳುವ ಹಾಳೆಯ ಕೊನೆಗೆ ಸಾಹೇಬರ ಸಹಿ, ಹೆಸರು ಇರಲೇಬೇಕು, ಅದು ರೂಲು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮಲ್ಲಿ ಕೈ ಚಿನ್ನಪ್ಪನದು, ಬಾಯಿ ಸಾಹೇಬರದು. ಅವನ ಹೆಸರನ್ನೂ ಹಾಕೋಣ ಎಂದು ನನಗೂ ಹೊಳೆಯಲಿಲ್ಲ, ನಾಚಿಕೆಯ ಮಾತು.

ಬಳ್ಳಾರಿಯಲ್ಲಿ ಮೈಲಾರಲಿಂಗಪ್ಪ ಎಂಬ ವಕೀಲರು ತಮ್ಮ ಮನೆಯ ಮುಂಭಾಗದಲ್ಲೇ ಸಣ್ಣದೊಂದು ಮ್ಯೂಸಿಯಂ ತೆರೆದಿದ್ದರು. ಎಂಬತ್ತನಾಲ್ಕರಲ್ಲಿ ಕುರುಗೋಡಿನ ಅಂಗಡಿಯೊಂದರಲ್ಲಿ ಅವರಿಗೆ ಬಿಸಿ ಮಿರ್ಚಿ ಬಜ್ಜಿ ಕಟ್ಟಿಕೊಟ್ಟ ಕಾಗದ ನಮ್ಮ ಕರಪತ್ರ. ಮಿರ್ಚಿ ಆರಿತು, ಅವರು ಚಿತ್ರ ನೋಡುತ್ತ ಕೂತರಂತೆ. ಇಂಥವು ಇದ್ದಷ್ಟೂ ಕಳಿಸಿ, ಎಲ್ಲವನ್ನೂ ಸೇರಿಸಿ ಪ್ರದರ್ಶನ ಮಾಡುತ್ತೇನೆ ಎಂದು ಆಫೀಸಿಗೆ ಬರೆದರು. ಬೀರುವಿನಲ್ಲಿದ್ದ ಹಾಳೆಗಳನ್ನೆಲ್ಲ ನಾನೇ ಕಟ್ಟಿ ಕಳಿಸಿದೆ. ಚಿತ್ರ ಬರೆದವರು ಯಾರು ಎಂದು ಅವರು ಕೇಳಲಿಲ್ಲ, ನಾನೂ ತಿಳಿಸಲಿಲ್ಲ.

"ಮಾರೆಮ್ಮನ್ನ ಕರಕೊಂಡು ಬಾ, ನಿನ್ನ ಚಿತ್ರ ಗೋಡಿಗೆ ಹಾಕ್ತಾರ," ಎಂದೆ. ಚಿನ್ನಪ್ಪ ಹೊಸ ಅಂಗಿ ಹೊಲಿಸಿದ. "ನನ್ನ ಹೆಸ್ರು ಎಲ್ಲೈತಿ ಅಂತ ನೀವು ಬೆರಳು ಮಾಡಿ ತೋರಿಸ್ರಿ. ಆಗಾದ್ರೂ ನಂಬ್ತಾಳೋ ನೋಡೂಣು," ಎಂದ.

ಮೂವರೂ ಬಸ್ಸಿನಲ್ಲಿ ಹೋದೆವು. ಬಾಗಿಲಲ್ಲೇ ಬೋರ್ಡು: "ಸಿರುಗುಪ್ಪದ ಎಂಟು ಚಿತ್ರಕಾರರು." ಒಳಗೆ ಒಂದೊಂದು ಚಿತ್ರದ ಕೆಳಗೂ ಒಬ್ಬೊಬ್ಬ ಸಾಹೇಬರ ಹೆಸರು. ವಕೀಲರು ಬಂದವರಿಗೆ ವಿವರಿಸುತ್ತಿದ್ದರು: ಈ ಸಾಹೇಬರ ಗೆರೆ ಮೃದು, ಆ ಸಾಹೇಬರ ಗೆರೆ ಸಿಡಿಲು. ಆ ಸಿಡಿಲಿನ ಸಾಹೇಬರು ರೂಲುದೊಣ್ಣೆ ಇಟ್ಟರೂ ಸೊಟ್ಟ ಗೆರೆ ಎಳೆಯುತ್ತಿದ್ದವರು.

ಚಿನ್ನಪ್ಪ ತಲೆ ತಗ್ಗಿಸಿದ. "ಇವನ ಹೆಸ್ರು ಎಲ್ಲೈತ್ರಿ ಅಮ್ಮಾರೆ?" ಎಂದಳು ಮಾರೆಮ್ಮ. ನನಗೆ ವಕೀಲರ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ನೇರ ಹೋಗಿ, "ಇವೆಲ್ಲ ಈ ಚಿನ್ನಪ್ಪ ಬರ್ದಿದ್ದು ರೀ," ಎಂದೆ.

ವಕೀಲರು ನಕ್ಕರು. "ಸಹಿ ನೋಡ್ರಿ ತಾಯಿ. ದಾಖಲಿ ಇದ್ದಲ್ಲಿ ಬಾಯಿಮಾತು ನಡಿಯಂಗಿಲ್ಲ."

ಅಷ್ಟರಲ್ಲಿ ಮಾರೆಮ್ಮ ಗೋಡೆಯುದ್ದಕ್ಕೂ ಒಂದು ಸುತ್ತು ಹಾಕಿ ಬಂದಿದ್ದಳು. "ಯಜಮಾನ್ರ, ಇಲ್ಲಿ ಬರ್ರಿ," ಎಂದು ವಕೀಲರನ್ನೇ ಕರೆದಳು. "ಈ ಹೆಣ್ಮಗಳು ಎಡಗೈಲೆ ಸಸಿ ಹಚ್ಚಾಕತ್ಯಾಳಲ್ಲ, ಯಾಕ?"

"ಅದು ಅಚ್ಚು ಹಾಕುವಾಗ ಎಡಬಲ ತಿರುಗುಮುರುಗು ಆಗೈತವ್ವ."

"ಹಂಗಾದ್ರ ಅಕ್ಷರ ಯಾಕ ತಿರುಗಿಲ್ರಿ?" ಎಂದೆ ನಾನು. ವಕೀಲರು ಕನ್ನಡಕ ಸರಿಮಾಡಿಕೊಂಡರು.

"ನಾನು ಎಡಚಿ ರೀ," ಎಂದಳು ಮಾರೆಮ್ಮ. "ಕರೂರು ಗದ್ದ್ಯಾಗ ಎಡಗೈಲೆ ಸಸಿ ಹಚ್ಚಾಕಿ ನಾನೊಬ್ಬಾಕಿನ. ಈ ಮೂಗುತಿ ನಂದು. ಸೀರಿ ಎತ್ತಿ ಕಟ್ಟಿದ್ದೂ ನನ್ನಂಗ ಐತಿ. ಎಂಟು ಮಂದಿ ಸಾಹೇಬ್ರು ನಮ್ಮ ಗದ್ದಿಗೆ ಯಾವಾಗ ಬಂದಿದ್ರು ಕೇಳ್ರಿ."

ಕೋಣೆಯೆಲ್ಲ ನಗೆ. ವಕೀಲರು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ನಿಧಾನವಾಗಿ ನಡೆದರು. ನಾನೂ ಹಿಂದೆಯೇ ಹೋದೆ. ಎಂಟು ಸಾಹೇಬರ ಕಾಲದಲ್ಲೂ ಅದೇ ಹೆಂಗಸು, ಅದೇ ಎಡಗೈ. ಹಾಳೆಯಿಂದ ಹಾಳೆಗೆ ಅವಳಿಗೆ ವಯಸ್ಸಾಗುತ್ತಿತ್ತು. ಅಷ್ಟು ವರ್ಷ ಟೈಪ್ ಮಾಡಿದ ನಾನು ಅದನ್ನು ನೋಡಿಯೇ ಇರಲಿಲ್ಲ.

"ಕೇಸು ಸೋತೆನವ್ವ," ಎಂದರು ವಕೀಲರು.

ಮಾರೆಮ್ಮ ಗಂಡನ ಕಡೆ ತಿರುಗಿದಳು. "ನನ್ನನ್ನ ಬರೀತೀನಿ ಅಂತ ಒಂದು ಮಾತು ನನಗ ಹೇಳಬಾರದಿತ್ತೇನು?"

"ಹೇಳಿದ್ರ ಮುಖ ತೋರಿಸಿ ನಿಂತಬಿಡ್ತಿದ್ದಿ. ಸಸಿ ಯಾರು ಹಚ್ತಿದ್ರು?"

ವಕೀಲರು ಹಳೆಯ ಚೀಟಿಗಳನ್ನು ಕಿತ್ತು, ಹೊಸ ಖಾಲಿ ಚೀಟಿಗಳನ್ನು ನನ್ನ ಕೈಗಿಟ್ಟರು. "ನಾಟಿಯ ಸುಧಾರಿತ ವಿಧಾನ. ಚಿತ್ರ: ಚಿನ್ನಪ್ಪ, ಕರೂರು" ಎಂದು ಕರಪತ್ರದ ತಲೆಬರಹವನ್ನೇ ಹೆಸರಾಗಿಸಿ ಮೊದಲನೆಯದನ್ನು ಬರೆದು ಗಟ್ಟಿಯಾಗಿ ಓದಿದೆ.

ಚಿನ್ನಪ್ಪ ಮೆಲ್ಲಗೆ ಕೆಮ್ಮಿದ. "ಚಿತ್ರದ ಹೆಸ್ರು ತಪ್ಪೈತ್ರಿ ಅಮ್ಮಾರೆ. ಅದು ಮಾರೆಮ್ಮ."

ಅವಳಿದ್ದ ಇಪ್ಪತ್ತಮೂರು ಹಾಳೆಗಳ ಕೆಳಗೂ ಹಾಗೇ ಬರೆದೆ. ಇಪ್ಪತ್ತಮೂರು ಸಲವೂ ಮಾರೆಮ್ಮ ನನ್ನಿಂದ ಓದಿಸಿ ಕೇಳಿದಳು.