ವೆಸ್ಟ್ ಲೇಕ್‌ನಲ್ಲಿ ಕೂಗದೆ ಬಂದ ಹೆಸರು

ಮೊನ್ನೆ ಅಡಿಲೇಡ್‌ನ ಬ್ಲೇರ್ ಅಥಾಲ್ ಬಡಾವಣೆಯ ಅಂಗಡಿಯಲ್ಲಿ ಕೊತ್ತಂಬರಿ ಕಟ್ಟೊಂದನ್ನು ಎತ್ತಿಕೊಂಡೆ. ಬೇರಿಗೆ ಇನ್ನೂ ಮಣ್ಣು ಅಂಟಿತ್ತು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪರ್ತ್‌ನ ಆ ಮುದುಕರು ನೆನಪಾದರು. ನಿಂತಲ್ಲೇ ನನ್ನ ಮುಖ ಬಿಸಿಯಾಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಆಸ್ಟ್ರೇಲಿಯಾದ ಪರ್ತ್‌ನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್, ಮನೆ ಅದೇ ಊರಿನ ಕ್ಯಾನಿಂಗ್ಟನ್‌ನಲ್ಲಿ. ಹಸಿಮೆಣಸಿನಕಾಯಿ, ಕೊತ್ತಂಬರಿ ಬೇಕೆಂದರೆ ಆ ಚೀನೀ ಮುದುಕರ ತರಕಾರಿ ಅಂಗಡಿಯೇ ಗತಿ. ನನ್ನ ಮಗಳು ಅವರನ್ನು ಕೊತ್ತಂಬರಿ ಅಂಕಲ್ ಎನ್ನುತ್ತಿದ್ದಳು. ನಾನು ಸೀರೆ ಉಟ್ಟು ಹೋದ ದಿನ ಸೊಪ್ಪು ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದರು, ಯಾಕೋ...

ಡಾಕ್ಟರುಗಳ ತಂಡದ ಜೊತೆ ಚೀನಾಕ್ಕೆ ಹೊರಟಿದ್ದೇನೆ, ಹಾಂಗ್‌ಝೌ ಊರಿನ ವೆಸ್ಟ್ ಲೇಕ್ ಕೂಡ ನೋಡುತ್ತೇವೆ ಎಂದಾಗ ಅವರು ಕೈಯಲ್ಲಿದ್ದ ಶುಂಠಿಯನ್ನು ಕೆಳಗಿಟ್ಟರು. ಅದು ಅವರ ಊರು. ತಾಯಿ ಆ ಕೆರೆಯ ದಡದಲ್ಲಿ ತಾವರೆ ಬೇರು ಮಾರುತ್ತಿದ್ದರಂತೆ. ಇವರು ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಆ ತಾಯಿ ತೀರಿಕೊಂಡರು. ಮಣ್ಣಿಗೆ ಹೋಗಲಾಗಲಿಲ್ಲ, ಆಮೇಲೂ ಹೋಗಲಾಗಲಿಲ್ಲ.

"ಕೆರೆ ಮಧ್ಯೆ ನಿಂತು ಅಮ್ಮನ ಹೆಸರು ಕೂಗ್ತೀರಾ ಡಾಕ್ಟರ್? ಮಗ ಚೆನ್ನಾಗಿದಾನೆ ಅನ್ನಿ, ಸಾಕು," ಎಂದು ತಮ್ಮ ಹರಕು ಇಂಗ್ಲಿಷಿನಲ್ಲಿ ಕೇಳಿದರು.

ಗಯೆಗೆ ಹೊರಟವರ ಕೈಗೆ ತೀರಿಹೋದವರ ಹೆಸರು ಬರೆದುಕೊಟ್ಟು ಕಳಿಸುತ್ತಿದ್ದ ಮನೆಯಲ್ಲಿ ಬೆಳೆದವಳು ನಾನು. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಕ್ಷಣ ಒಪ್ಪಿಕೊಂಡೆ. ಅವರು ಆ ಹೆಸರನ್ನು ನನ್ನ ಬಾಯಲ್ಲಿ ಹತ್ತಾರು ಸಲ ಹೇಳಿಸಿ ತಿದ್ದಿದರು. ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಅಭ್ಯಾಸ ಮಾಡುತ್ತಿದ್ದರೆ ನಮ್ಮವರು, "ಯಾವ ಮಂತ್ರಾನೇ ಇದು, ನಂಗೂ ಹೇಳ್ಕೊಟ್ಬಿಡು," ಎಂದು ರೇಗಿಸುತ್ತಿದ್ದರು.

ಕೆರೆ ಅವರು ಹೇಳಿದ್ದಕ್ಕಿಂತ ಚೆನ್ನಾಗಿತ್ತು. ನೀರಿಗೆ ಬಾಗಿದ ಮರಗಳು, ಕಲ್ಲಿನ ಹಳೇ ಸೇತುವೆ, ಮಂಜಿನೊಳಗೆ ಅರ್ಧ ಮಾತ್ರ ಕಾಣುವ ಗುಡ್ಡ. ದೋಣಿ ನಡುನೀರಿಗೆ ಬಂದಾಗ ನಾನು ಎದ್ದು ನಿಂತೆ. ಜೊತೆಯ ಡಾಕ್ಟರುಗಳೆಲ್ಲ ಬಿಳಿಯರು. ನಾನೂ ನಿಮ್ಮ ಹಾಗೇ ಎಂದು ಅವರೆದುರು ತೋರಿಸಿಕೊಳ್ಳಲು ವರ್ಷಗಟ್ಟಲೆ ಹೆಣಗಿದ್ದೆ. ಒಬ್ಬರು ನನ್ನ ಕಡೆ ತಿರುಗಿ, ಫೋಟೋ ತೆಗೆಯಲಾ ಎಂದರು. ಬಾಯಿಗೆ ಬಂದಿದ್ದ ಹೆಸರನ್ನು ನುಂಗಿಕೊಂಡು, ನಕ್ಕು, ಫೋಟೋಗೆ ನಿಂತೆ. ಇಳಿಯುವಾಗ ಕೂಗಿದರಾಯಿತು ಎಂದುಕೊಂಡೆ. ಇಳಿಯುವಾಗಲೂ ಅವರೆಲ್ಲ ಇದ್ದರು.

ವಾಪಸು ಬಂದವಳು ಒಂದು ವಾರ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಹೋದೆ.

"ಕೂಗಿದ್ರಾ?"

"ಕೂಗಿದೆ."

"ಜೋರಾಗಿ?"

"ಜೋರಾಗಿ," ಎಂದೆ.

ಅವರು ಗಲ್ಲಾದ ಕೆಳಗಿನಿಂದ ಟ್ರಾವೆಲ್ ಏಜೆಂಟ್ ಕೊಟ್ಟಿದ್ದ ಫಾರಂ ಒಂದನ್ನು ತೆಗೆದರು. ಮುಂದಿನ ವರ್ಷ ತಾವೇ ಹೋಗಬೇಕೆಂದು ಅರ್ಧ ತುಂಬಿಸಿಟ್ಟಿದ್ದರಂತೆ. "ಇನ್ನು ಹೋಗ್ಬೇಕಾಗಿಲ್ಲ. ಅಮ್ಮನಿಗೆ ಸುದ್ದಿ ಮುಟ್ತಲ್ಲ," ಎಂದು ಅದೇ ಹಾಳೆಯಲ್ಲಿ ನನ್ನ ಸೊಪ್ಪನ್ನು ಸುತ್ತಿಕೊಟ್ಟರು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಥ್ಯಾಂಕ್ಸ್ ಹೇಳಿ ಬಂದೆ, ನಾಚಿಕೆಗೆಟ್ಟವಳು.

ಎರಡು ವರ್ಷದಲ್ಲಿ ಅವರು ತೀರಿಕೊಂಡರು. ಅವರ ಮಣ್ಣಿಗೆ ಹೋಗಿದ್ದೆ. ಮಗ ನನ್ನ ಕೈ ಹಿಡಿದು, ಅಪ್ಪ ನಿಮ್ಮಿಂದ ನೆಮ್ಮದಿಯಾಗಿದ್ದರು ಎಂದ. ನಾನು ತಲೆಯಾಡಿಸಿದೆ...

ಈಗ ಅವರಿಲ್ಲ, ಆ ಅಂಗಡಿಯೂ ಇಲ್ಲ. ನಾನು ಅಡಿಲೇಡ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಹೋದ ವಾರ ಅವಳು, ಚೀನಾ ಟೂರ್ ಬುಕ್ ಮಾಡಲಾ, ಹಾಂಗ್‌ಝೌ ಕೂಡ ಇದೆ ಎಂದು ಎಂದಿನಂತೆ ಇಂಗ್ಲಿಷಿನಲ್ಲಿ ಕೇಳಿದಳು.

"ಮಂಡಿ ನೋವು ಕಣೇ, ನನ್ನ ಕೈಲಾಗಲ್ಲ," ಎಂದೆ.

ನನ್ನ ಮಂಡಿಗೆ ಏನೂ ಆಗಿಲ್ಲ.